ಸಹಾಯ ಬೇಕು: ಚಿಕ್ಕಂದಿನಲ್ಲಿ ರಕ್ತದ ಕ್ಯಾನ್ಸರ್ ಆಗಿದ್ದ ತಮ್ಮನಿಗೆ ಹೃದಯ ತಪಾಸಣೆ

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ಕಡೆಯವರು. ತಮ್ಮನಿಗೆ 6ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಆಗಿ, ಬೆಂಗಳೂರಿನಲ್ಲಿ ಎರಡೂವರೆ ವರ್ಷ ಕೀಮೋ ತಗೊಂಡು ಗುಣವಾದ. ಈಗ 28. ಈ ಸಲ ಕೊನೆಕೊಯ್ಲಿನಲ್ಲಿ ಅಡಿಕೆ ಹೊತ್ತು ತೋಟದಿಂದ ಮನೆಗೆ ಏರಿ ಬರುವಷ್ಟರಲ್ಲಿ ಏದುಸಿರು, ಪಾದ ಜೋಮು. ಮನೆಯವರು ಸೋಮಾರಿತನ ಅಂತಾರೆ, ನನಗೆ ಹಾಗೆ ಅನಿಸ್ತಿಲ್ಲ. ಕೀಮೋದಲ್ಲಿ ಕೊಡುವ ಡಾಕ್ಸೊರುಬಿಸಿನ್‌ನಂಥ ಔಷಧದಿಂದ ಎಷ್ಟೋ ವರ್ಷಗಳ ಮೇಲೂ ಹೃದಯದ ಸ್ನಾಯು ದುರ್ಬಲ ಆಗಬಹುದು. ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಔಷಧ ಕಾಲಿನ ನರಕ್ಕೆ, ಸ್ಟಿರಾಯ್ಡ್ ಮೂಳೆಗೆ ಪೆಟ್ಟು ಕೊಡಬಹುದು. ಯಾವ ಔಷಧ, ಎಷ್ಟು ಡೋಸ್ ಅಂತ ನೋಡೋಣ ಅಂದರೆ ಹಳೇ ಫೈಲಿಗೆ ಗೆದ್ದಲು ಹಿಡಿದಿದೆ.

ಅಷ್ಟು ಹಳೇ ದಾಖಲೆಯನ್ನು ಆಸ್ಪತ್ರೆಯಿಂದ ತೆಗೆಸಿದವರು ಇದ್ದೀರಾ? ಈ ಹಿನ್ನೆಲೆ ಕೇಳಿಕೊಂಡು ಎಕೋ (ಹೃದಯದ ಸ್ಕ್ಯಾನ್) ಮಾಡಿ ನೋಡುವ ಹೃದಯ ತಜ್ಞರು ಶಿರಸಿ, ಕಾರವಾರದಲ್ಲಿ ಸಿಗ್ತಾರಾ, ಹುಬ್ಬಳ್ಳಿಗೇ ಹೋಗಬೇಕಾ? ಅಲ್ಲಿವರೆಗೆ ಬರೀ ನಡಿಗೆ ಅಷ್ಟೇ, ಭಾರದ ಕೆಲಸ ಮಾಡಿಸ್ತಿಲ್ಲ. ಇಂಥದ್ದನ್ನು ದಾಟಿದವರು ದಯವಿಟ್ಟು ಬರೆಯಿರಿ.