ಹೈದರಾಬಾದ್ ಕಡೆ ಹೋಗೋದಾ, ಕಲಬುರಗಿಯಲ್ಲೇ ಇರೋದಾ? ವಕೀಲರಿಗೆ ಒಂದು ಪ್ರಶ್ನೆ

ಪ್ರಶ್ನೆ (ಕಲಬುರಗಿಯ ಸದಸ್ಯರು):

ಶರಣ್ರೀ ಮೇಡಂ. ನಮ್ಮೂರು ಚಿತ್ತಾಪುರ ತಾಲ್ಲೂಕು. ಈಗ ಕಲಬುರಗಿಯಲ್ಲಿ ಬಾಡಿಗೆ ಮನೆ. ಹತ್ತಿರದ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದೇನೆ. ಬರುವ ಮಾರ್ಚ್‌ಗೆ ಐದು ವರ್ಷ ತುಂಬುತ್ತದೆ. ಕೈಗೆ 38,000 ಬರುತ್ತದೆ. ಈಗ ಹೈದರಾಬಾದ್ ಹತ್ತಿರ ಪಟಾಂಚೆರುವಿನ ಒಂದು ಕಂಪನಿಯವರು 56,000 ಕೊಡ್ತೀವಿ, ಅಕ್ಟೋಬರ್‌ಗೆ ಬಂದುಬಿಡಿ ಅಂತಿದ್ದಾರೆ.

ಹೆಂಡತಿ ಇಲ್ಲಿ ಖಾಸಗಿ ಶಾಲೆಯಲ್ಲಿ ಟೀಚರ್, ತಿಂಗಳಿಗೆ 11,000. ಮಗಳು ಎಂಟನೇ ತರಗತಿ, ಎಂಜಿನಿಯರಿಂಗ್ ಮಾಡ್ತೀನಿ ಅಂತಾಳೆ. ಮಗ ಮೂರನೇ ತರಗತಿ. ಅಪ್ಪ ಮೂರು ವರ್ಷದ ಹಿಂದೆ ತೀರಿಕೊಂಡರು. ಅಮ್ಮ ಊರಲ್ಲೇ ಇದ್ದಾರೆ, ನಾಲ್ಕು ಎಕರೆ ತೊಗರಿ ಹೊಲ ಇದೆ. ಬಾ ಅಂದರೆ, "ನಾ ಎಲ್ಲೂ ಬರಂಗಿಲ್ಲ, ನೀವು ಹೋಗ್ರಿ" ಅಂತಾರೆ.

ಬಾಡಿಗೆ ಇಲ್ಲಿ 5,500, ಅಲ್ಲಿ 13,500 ಆಗಬಹುದು ಅಂತ ಗೆಳೆಯ ಹೇಳಿದ. ಸಂವಿಧಾನದ 371 ಜೆ ವಿಧಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ನೌಕರಿ, ಸೀಟಿನಲ್ಲಿ ಮೀಸಲಾತಿ ಇದೆಯಲ್ಲ, ಮಕ್ಕಳ ಆ ಹಕ್ಕು ಹೋಗುತ್ತಾ? ಎಲ್ಲರನ್ನೂ ಕರೆದುಕೊಂಡು ಹೋಗೋದು ಸರಿನಾ? ಎರಡು ವಾರದಿಂದ ನಿದ್ದೆ ಇಲ್ಲ.

ಉತ್ತರ (ವಕೀಲರು, ಕಲಬುರಗಿ):

ಶರಣು ಅಣ್ಣ. ಮೊದಲು ಮಗಳ ವಿಷಯ ಹೇಳುತ್ತೇನೆ. ಸಂಬಳ ಇವತ್ತು ಕಡಿಮೆ ಇದ್ದರೆ ನಾಳೆ ಜಾಸ್ತಿ ಆಗಬಹುದು. ಶಾಲೆಯ ವರ್ಷ ಒಮ್ಮೆ ತಪ್ಪಿದರೆ ಮತ್ತೆ ಸಿಗಲ್ಲ.

371 ಜೆ ಬಗ್ಗೆ ಹೆದರಬೇಡಿ. ಮಕ್ಕಳು ಕಲಬುರಗಿಯಲ್ಲೇ ಹುಟ್ಟಿದ್ದರೆ ಆ ಅರ್ಹತೆ ಹುಟ್ಟಿನಿಂದ ಬಂದದ್ದು. ಊರು ಬಿಟ್ಟ ಮಾತ್ರಕ್ಕೆ ಹೋಗಲ್ಲ. ನಮ್ಮ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿಗೆ ನೂರಕ್ಕೆ 75, ಸಿ ಗುಂಪಿಗೆ 80, ಡಿ ಗುಂಪಿಗೆ 85 ಸ್ಥಳೀಯರಿಗೆ. ಇಲ್ಲಿನ ಕಾಲೇಜುಗಳಲ್ಲಿ 70, ರಾಜ್ಯದ ಬೇರೆ ಕಡೆ 8. ಇಬ್ಬರು ಮಕ್ಕಳ ಪ್ರಮಾಣಪತ್ರವನ್ನೂ ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ತೆಗೆಸಿಡಿ. ಹಳೆ ಕಾಗದದಲ್ಲಿ ಗುಲ್ಬರ್ಗಾ ಅಂತ ಇದ್ದರೆ ಚಿಂತೆ ಇಲ್ಲ, ಊರಿನ ಹೆಸರು ಬದಲಾಗಿದ್ದೇ 2014ರ ನವೆಂಬರ್‌ನಲ್ಲಿ.

ಆದರೆ ಇದೊಂದೇ ಸಾಲದು. ಇಲ್ಲೇ ಬಹಳ ಜನ ಎಡವುತ್ತಾರೆ. ಸಿಇಟಿಯಲ್ಲಿ ಸರ್ಕಾರಿ ಸೀಟು ಕೇಳಬೇಕಾದರೆ ಮೊದಲು ಕರ್ನಾಟಕದ ಅಭ್ಯರ್ಥಿ ಆಗಬೇಕು. 371 ಜೆ ಆಮೇಲಿನ ಮಾತು. ಮುಖ್ಯ ನಿಯಮ ಏನು ಅಂದರೆ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ ಏಳು ಪೂರ್ತಿ ವರ್ಷ ಕರ್ನಾಟಕದಲ್ಲಿ ಓದಿರಬೇಕು. ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ, ಎರಡರಲ್ಲಿ ಒಂದನ್ನು ಇಲ್ಲಿ ಪಾಸಾಗಿರಬೇಕು. ನಿಮ್ಮ ಮಗಳಿಗೆ ಏಳು ವರ್ಷ ಆಗಲೇ ಆಗಿದೆ. ಪರೀಕ್ಷೆ ಬಾಕಿ ಇದೆ.

ತೆಲಂಗಾಣದ ಲೆಕ್ಕವೇ ಬೇರೆ. ಅಲ್ಲಿ ಸ್ಥಳೀಯ ಅಭ್ಯರ್ಥಿ ಆಗೋದಕ್ಕೆ ಇಂಟರ್‌ಮೀಡಿಯೆಟ್ (ನಮ್ಮ ಪಿಯುಸಿ ಇದ್ದಂತೆ) ಮುಗಿಯುವ ಹೊತ್ತಿಗೆ ಸತತ ನಾಲ್ಕು ವರ್ಷ ಅಲ್ಲಿ ಓದಿರಬೇಕು, ಅಂದರೆ ಒಂಬತ್ತರಿಂದ ಹನ್ನೆರಡು. ಈಗ ನೋಡಿ, ಮಗಳು ಒಂಬತ್ತನ್ನು ಇಲ್ಲಿ ಮುಗಿಸಿ, ಹತ್ತಕ್ಕೆ ಅಲ್ಲಿ ಸೇರಿ, ಇಂಟರ್ ಕೂಡ ಅಲ್ಲೇ ಮಾಡಿದಳು ಅಂತ ಇಟ್ಟುಕೊಳ್ಳಿ. ಅಲ್ಲಿ ಮೂರೇ ವರ್ಷ, ಅವರು ಸ್ಥಳೀಯಳು ಅನ್ನಲ್ಲ. ಇಲ್ಲಿ ಎಸ್ಸೆಸ್ಸೆಲ್ಸಿಯೂ ಇಲ್ಲ, ಪಿಯುಸಿಯೂ ಇಲ್ಲ. ಎರಡೂ ರಾಜ್ಯಕ್ಕೆ ಹೊರಗಿನವಳು.

ನನ್ನ ಕಚೇರಿಗೆ ಇಂಥದ್ದೇ ಒಬ್ಬ ಹುಡುಗಿ ಬಂದಿದ್ದಳು. ಹಸಿರು ಪ್ಲಾಸ್ಟಿಕ್ ಫೈಲಿನಲ್ಲಿ ಕಾಗದಗಳನ್ನೆಲ್ಲ ವರ್ಷದ ಪ್ರಕಾರ ಜೋಡಿಸಿಕೊಂಡಿದ್ದಳು. ಮೇಲೆ 371 ಜೆ ಪ್ರಮಾಣಪತ್ರ, ಲ್ಯಾಮಿನೇಷನ್ ಮಾಡಿಸಿದ್ದು. ನನ್ನೆದುರು ಕೂತು ಬೆರಳು ಮಡಚಿ ಮಡಚಿ ವರ್ಷ ಎಣಿಸಿದಳು. ಹತ್ತನೇ ತರಗತಿಗೆ ಬಂದಾಗ ಬೆರಳು ನಿಂತಿತು. ಅವರಪ್ಪ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಪುಸ್ತಕ ತೆಗೆದು ಎಷ್ಟು ಹುಡುಕಿದರೂ ನನಗೆ ದಾರಿ ಸಿಗಲಿಲ್ಲ. ಆ ದಿನ ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾಗಿ ನನ್ನ ಮಾತು ಕೇಳುವುದಾದರೆ, ಮಗಳು ಎಸ್ಸೆಸ್ಸೆಲ್ಸಿ ಮುಗಿಸುವ ತನಕ ಕಲಬುರಗಿ ಬಿಡಬಾರದು. ಇಲ್ಲಿ ಹತ್ತು ಪಾಸಾದ ಮೇಲೆ ಅವಳು ಇಂಟರ್ ಎಲ್ಲೇ ಓದಿದರೂ ಆ ನಿಯಮದಲ್ಲಿ ಎಂಜಿನಿಯರಿಂಗ್ ಸೀಟಿಗೆ ಅರ್ಹಳು. ಅಲ್ಲಿ ಇನ್ನೊಂದು ಕಷ್ಟವೂ ಇದೆ. ತೆಲಂಗಾಣದಲ್ಲಿ 2018ರ ಕಾನೂನಿನ ಪ್ರಕಾರ ಒಂದರಿಂದ ಹತ್ತರವರೆಗೆ ತೆಲುಗು ಕಡ್ಡಾಯ ವಿಷಯ. ಅಕ್ಷರವೇ ಬಾರದ ಹುಡುಗಿ ಒಂಬತ್ತನೇ ತರಗತಿಯಲ್ಲಿ ಅದನ್ನು ಶುರು ಮಾಡಿ, ಮರುವರ್ಷ ಬೋರ್ಡ್ ಪರೀಕ್ಷೆ ಬರೆಯೋದು ಸುಮ್ನೆ ಅಲ್ಲ.

ಮಗನಿಗೆ ಇಷ್ಟು ಬಿಗಿ ಇಲ್ಲ. ಅವನು ಅಲ್ಲೇ ಹತ್ತರ ತನಕ ಓದಿ, ಪಿಯುಸಿಯ ಎರಡೂ ವರ್ಷ ಇಲ್ಲಿಗೆ ಬಂದು ಪಾಸಾದರೆ, ನೀವು ಅಥವಾ ನಿಮ್ಮ ಹೆಂಡತಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೆ ದಾಖಲೆ ಕೊಟ್ಟು ಸೀಟು ಕೇಳಬಹುದು. ನಿಮ್ಮಿಬ್ಬರ ಹಳೆ ಶಾಲೆಯ ಕಾಗದ ಎಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಿ.

ಇನ್ನು ದುಡ್ಡು. 18,000 ಜಾಸ್ತಿ ಅಂದುಕೊಂಡಿದ್ದೀರಿ. ಬಾಡಿಗೆಯಲ್ಲೇ 8,000 ಹೋಯಿತು. ಹೆಂಡತಿಯ 11,000 ನಿಂತಿತು. ಅಲ್ಲಿಗೆ ಒಂದು ಸಾವಿರ ಕೈಯಿಂದಲೇ ಬಿತ್ತು. ಶಾಲೆ ಫೀಸು, ಊರಿಗೆ ಓಡಾಟ ನಾನಿನ್ನೂ ಸೇರಿಸಿಲ್ಲ. ಅಲ್ಲಿನ ಖಾಸಗಿ ಶಾಲೆಯಲ್ಲಿ ಅವರಿಗೆ ಕೆಲಸ ಸಿಗಬಹುದು. ಸರ್ಕಾರಿ ನೌಕರಿ ಅಂದರೆ ಅಲ್ಲೂ ನೂರಕ್ಕೆ 95 ಸ್ಥಳೀಯರಿಗೇ ಇದೆ.

ನೀವು ಹೇಳದೇ ಬಿಟ್ಟ ಎರಡು ಮಾತು ಕೇಳಲೇಬೇಕು. ಆ 56,000 ಕೈಗೆ ಬರೋದಾ, ಸಿಟಿಸಿನಾ, ಅಂದರೆ ಪಿಎಫ್ ಎಲ್ಲ ಸೇರಿ ಕಂಪನಿ ಹಾಕುವ ಒಟ್ಟು ಲೆಕ್ಕವಾ? ಆಫರ್ ಲೆಟರ್ ಕಂಪನಿಯ ಹೆಸರಲ್ಲಿದೆಯಾ, ಕಾಂಟ್ರಾಕ್ಟರ್ ಹೆಸರಲ್ಲಿದೆಯಾ?

ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಕಂಪನಿ ಕೊಡುವ ಹಣಕ್ಕೆ, ಐದು ವರ್ಷ ತುಂಬಬೇಕು. ನಿಮ್ಮ ಬೇಸಿಕ್ 20,000 ಅಂತ ಹಿಡಿದರೆ, ವರ್ಷಕ್ಕೆ ಹದಿನೈದು ದಿನದ ಲೆಕ್ಕ, ತಿಂಗಳಿಗೆ ಇಪ್ಪತ್ತಾರು ದಿನ. ಐದು ವರ್ಷಕ್ಕೆ ಸುಮಾರು 57,700 ಆಗುತ್ತದೆ. ಅಕ್ಟೋಬರ್‌ನಲ್ಲಿ ಬಿಟ್ಟರೆ ಅದನ್ನು ಕೇಳುವ ಹಕ್ಕು ಗಟ್ಟಿಯಾಗಿ ಉಳಿಯಲ್ಲ. ಮಾರ್ಚ್ ದಾಟಲಿ.

ಅಮ್ಮನ ವಿಷಯ ಕೊನೆಗೆ ಇಟ್ಟೆ, ಆದರೆ ಅದೇ ದೊಡ್ಡದು. ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆಯಾ? ಹಾಗಿದ್ದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ, ಮಾಡಿಸದೇ ಊರು ಬಿಡಬೇಡಿ. ಬೆಳೆ ವಿಮೆ, ಬರ ಪರಿಹಾರ, ಕಿಸಾನ್ ಸಮ್ಮಾನ್ ಎಲ್ಲದಕ್ಕೂ ಪಹಣಿಯಲ್ಲಿನ ಹೆಸರು ಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ. ಅಕ್ಕ ತಂಗಿಯರಿದ್ದರೆ ವಂಶವೃಕ್ಷದಲ್ಲಿ ಅವರ ಹೆಸರು ಬಿಡಬೇಡಿ, ಅವರಿಗೂ ಹಕ್ಕಿದೆ. ಅಮ್ಮನ ರೇಷನ್ ಕಾರ್ಡ್ ಬೇರೆ ಇದ್ದರೆ ಅದನ್ನು ಮುಟ್ಟಬೇಡಿ.

ಪ್ರತಿಕ್ರಿಯೆ (ಬೀದರ್ ಮೂಲದ ಸದಸ್ಯೆ, ಈಗ ಹೈದರಾಬಾದ್):

ಅಕ್ಕಾ, ಎಲ್ಲರಿಗೂ ಹಾಗಾಗಲ್ಲ. ನಾವು ಆರು ವರ್ಷದ ಹಿಂದೆ ಬಂದೆವು. ಮಗ ಆಗ ಯುಕೆಜಿ. ತೆಲುಗನ್ನು ಆಡುತ್ತಾ ಆಡುತ್ತಾ ಕಲಿತ. ಮನೆಯವರ ಕಿಡ್ನಿ ತೊಂದರೆಗೆ ಬೀದರ್‌ನಿಂದ ತಿಂಗಳಿಗೆ ಎರಡು ಸಲ ಇಲ್ಲಿಗೇ ಬರಬೇಕಿತ್ತು. ನಸುಕಿನಲ್ಲಿ ಬಸ್ ಹತ್ತಿ, ರಾತ್ರಿ ವಾಪಸ್. ಈಗ ಆಸ್ಪತ್ರೆ ಆಟೋದಲ್ಲಿ ಇಪ್ಪತ್ತು ನಿಮಿಷ. ನಮ್ಮ ಹಿಂದಿಗೆ ಇಲ್ಲಿ ಯಾರೂ ನಗಲ್ಲ, ಅವರ ದಖನಿಯೂ ನಮ್ಮದೂ ಒಂದೇ. ಬಂದದ್ದಕ್ಕೆ ನನಗೆ ಒಂದು ದಿನವೂ ಬೇಸರ ಆಗಿಲ್ಲ.

ವಕೀಲರು:

ನೀವು ಹೇಳಿದ್ದು ನಿಜ ತಂಗಿ. ಮಗು ಚಿಕ್ಕದಿದ್ದು, ಮನೆಯಲ್ಲಿ ದೊಡ್ಡ ಕಾಯಿಲೆ ಇದ್ದರೆ ನಾನೂ ಹೋಗಿ ಅಂತಲೇ ಹೇಳುತ್ತಿದ್ದೆ. 1956ರ ತನಕ ನಾವೆಲ್ಲ ಒಂದೇ ಹೈದರಾಬಾದ್ ರಾಜ್ಯ. ಆ ಊರು ನಮಗೆ ಪರಊರು ಅನ್ನಿಸೋದೂ ಇಲ್ಲ. ಈ ಅಣ್ಣನ ಮಗಳ ವಯಸ್ಸು ನೋಡಿ ಹೇಳಿದೆ ಅಷ್ಟೇ.

ಪ್ರಶ್ನೆ (ಯಾದಗಿರಿಯ ಸದಸ್ಯರು):

ಮೇಡಂ, ನಾನೊಬ್ಬನೇ ಹೋಗುತ್ತಿದ್ದೇನೆ. ನಾವು ಎಸ್‌ಸಿ. ಅಲ್ಲಿ ಮೀಸಲಾತಿ ಸಿಗುತ್ತಾ? ಕೆಎ-33 ಬೈಕ್ ಒಯ್ಯಬಹುದಾ?

ವಕೀಲರು:

ಅಲ್ಲಿನ ರಾಜ್ಯ ಸರ್ಕಾರದ ಮೀಸಲಾತಿ ಸಿಗಲ್ಲ ತಮ್ಮಾ. ಜಾತಿಯ ಹೆಸರು ಎರಡೂ ಪಟ್ಟಿಯಲ್ಲಿದ್ದರೂ ಇಲ್ಲ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲೇ ಹೀಗೆ ಹೇಳಿದೆ, 1994ರಲ್ಲಿ ಮತ್ತೆ ಹೇಳಿದೆ. ಕರ್ನಾಟಕದಲ್ಲಿ ನಿನ್ನ ಹಕ್ಕು ಹಾಗೇ ಇರುತ್ತದೆ. ಕೇಂದ್ರದ ನೌಕರಿಗೆ ಯಾದಗಿರಿಯ ಪ್ರಮಾಣಪತ್ರವೇ ನಡೆಯುತ್ತದೆ.

ಬೈಕ್ ಒಯ್ಯಬಹುದು. ಹನ್ನೆರಡು ತಿಂಗಳಿಗಿಂತ ಜಾಸ್ತಿ ಅಲ್ಲೇ ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು. ಅದಕ್ಕೆ ಯಾದಗಿರಿ ಆರ್‌ಟಿಒದಿಂದ ಎನ್‌ಒಸಿ ಬೇಕು, ಫಾರಂ 28. ಅಲ್ಲಿ ತೆರಿಗೆ ಕಟ್ಟಿದ ಮೇಲೆ ಇಲ್ಲಿ ಕಟ್ಟಿದ್ದರಲ್ಲಿ ಉಳಿದ ಭಾಗ ವಾಪಸ್ ಕೇಳು. ಬಹಳ ಜನ ಕೇಳೋದೇ ಇಲ್ಲ. ಲೈಸೆನ್ಸ್ ದೇಶದಲ್ಲೆಲ್ಲ ನಡೆಯುತ್ತದೆ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ):

ಮೇಡಂ, ಫೋನ್ ಮಾಡಿ ಕೇಳಿದೆ. ಲೆಟರ್ ಕಂಪನಿಯದ್ದೇ. ಆದರೆ 56,000 ಸಿಟಿಸಿ. ಪಿಎಫ್ ಎಲ್ಲ ಕಳೆದು ಕೈಗೆ 49,500. ರಾತ್ರಿ ನಾನೂ ನನ್ನ ಹೆಂಡತಿಯೂ ಮಗನ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆವು. ಎಲ್ಲರೂ ಹೋದರೆ ತಿಂಗಳಿಗೆ 7,500 ಕಡಿಮೆ. ನಾನೊಬ್ಬನೇ ಹೋಗಿ ರೂಮು, ಊಟಕ್ಕೆ 9,000, ಓಡಾಟಕ್ಕೆ 2,000 ಇಟ್ಟರೆ ಉಳಿಯೋದು 500.

ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಅಂದ್ರ ನಾವು ಹೋಗಂಗಿಲ್ಲೇನಪ್ಪಾ?" ಅಂದಳು. ಖುಷಿಯೋ ಬೇಜಾರೋ ಗೊತ್ತಾಗಲಿಲ್ಲ.

ಕಂಪನಿಯವರಿಗೆ ಕೇಳಿದ್ದೇನೆ, ಏಪ್ರಿಲ್‌ನಲ್ಲಿ ಬರ್ತೀನಿ, ಕೈಗೆ 55,000 ಬರಬೇಕು ಅಂತ. ಯೋಚಿಸಿ ಹೇಳ್ತೀವಿ ಅಂದಿದ್ದಾರೆ. ಒಪ್ಪಿದರೆ ಮೊದಲ ಎರಡು ವರ್ಷ ನಾನೊಬ್ಬನೇ ಹೋಗೋದು. ಪಹಣಿ ನೀವು ಹೇಳಿದ ಹಾಗೇ ಇನ್ನೂ ಅಪ್ಪನ ಹೆಸರಲ್ಲೇ ಇದೆ. ತಂಗಿಯರು ಇಬ್ಬರು, ಒಬ್ಬಳು ಆಳಂದ, ಒಬ್ಬಳು ಸೊಲ್ಲಾಪುರ. ಸೋಮವಾರ ರಜೆ ಹಾಕಿ ನಾಡಕಚೇರಿಗೆ ಹೋಗುತ್ತಿದ್ದೇನೆ.

ವಕೀಲರು:

ಸರಿಯಾಗಿ ಕೇಳಿದ್ದೀರಿ ಅಣ್ಣ. ಅವರು ಕೊಡುವ ಮೊತ್ತವನ್ನು ಬರಹದಲ್ಲಿ ತೆಗೆದುಕೊಳ್ಳಿ, ಬಾಯಿಮಾತು ಬೇಡ. ಆಧಾರ್ ವಿಳಾಸ ಸದ್ಯಕ್ಕೆ ಬದಲಾಯಿಸಬೇಡಿ. ಹೆಂಡತಿಯ ಗೃಹಲಕ್ಷ್ಮಿ, ಬಸ್ಸಿನ ಶಕ್ತಿ ಯೋಜನೆ ಎಲ್ಲ ಇಲ್ಲಿನ ವಿಳಾಸದ ಮೇಲೆಯೇ ನಡೆಯೋದು.

ಮಗಳ ಒಂದರಿಂದ ಎಂಟರವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ಬರೆಸಿ, ಬಿಇಒ ಸಹಿ ಮಾಡಿಸಿಡಿ. ಮಧ್ಯದಲ್ಲಿ ಶಾಲೆ ಬದಲಾಗಿದ್ದರೆ ಎರಡೂ ಶಾಲೆಯದು ಬೇಕು. ಸೋಮವಾರ ಹೋಗುವಾಗ ಇಬ್ಬರು ತಂಗಿಯರ ಆಧಾರ್ ಪ್ರತಿ ಒಯ್ಯಿರಿ. ಸೊಲ್ಲಾಪುರದ ತಂಗಿಗೆ ಇವತ್ತೇ ಫೋನ್ ಮಾಡಿ, ಅಲ್ಲಿಂದ ಫೋಟೋ ಕಳಿಸಿದರೂ ಸದ್ಯಕ್ಕೆ ಸಾಕು.