ಒಂದೇ ಲ್ಯಾಪ್‌ಟಾಪಿಗೆ ವಿಂಡೋಸೂ ಬೇಕು, ಉಬುಂಟೂ ಬೇಕು: ಭಾನುವಾರದ ಪ್ರಶ್ನೋತ್ತರ

(ಉತ್ತರ: ಶಿವಮೊಗ್ಗದ ಲ್ಯಾಪ್‌ಟಾಪ್ ರಿಪೇರಿಯವರು. ಕೇಳುವವರು: ನಮ್ಮ ಗುಂಪಿನ ಸದಸ್ಯರು, ಊರ ಹೆಸರಿನಲ್ಲಿ. ಉಬುಂಟು ಅಂದರೆ ವಿಂಡೋಸಿನ ಹಾಗೆ ಲ್ಯಾಪ್‌ಟಾಪ್ ನಡೆಸುವ ಉಚಿತ ವ್ಯವಸ್ಥೆ.)

ಸಾಗರದ ಹುಡುಗ: ಅಣ್ಣಾ, ವಿಂಡೋಸ್ 10ರ ಉಚಿತ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಲ್ಯಾಪ್‌ಟಾಪಿಗೆ 11 ಹಾಕಲು ಆಗುವುದಿಲ್ಲ. 10 ಹಾಗೇ ಇಟ್ಟು ಪಕ್ಕದಲ್ಲಿ ಉಬುಂಟು ಹಾಕಬಹುದಾ?

ರಿಪೇರಿಯವರು: ಹಾಕಬಹುದು. ಮೊದಲು ಬ್ಯಾಕಪ್ ತೆಗೆಯಿರಿ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ 50 ಜಿಬಿ ಜಾಗ ಬಿಡಿಸಿ. ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಬಂದ್ ಆಗದೆ ಬೇಗ ತೆರೆದುಕೊಳ್ಳುವ ವಿಂಡೋಸ್ ಸೆಟಿಂಗ್) ಆಫ್ ಮಾಡಿ. ಬ್ಯಾಟರಿ ಸತ್ತಿದ್ದರೆ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಪಾರ್ಟಿಷನ್ (ಡಿಸ್ಕಿನ ಭಾಗ) ಕುಗ್ಗಿಸುವಾಗಲೇ ಕರೆಂಟ್ ಹೋದರೆ ಕಷ್ಟ.

ಹೊಸನಗರ: ಉಬುಂಟು ಹಾಕಿದ ಮೇಲೆ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ!

ರಿಪೇರಿಯವರು: ಉಬುಂಟು ಒಳಗಿನ ಗಡಿಯಾರವನ್ನು ಯುಟಿಸಿಗೆ (ಲೋಕಕ್ಕೆಲ್ಲ ಒಂದೇ ಆದ ಟೈಮ್, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಟೈಮ್ ಅಂದುಕೊಳ್ಳುತ್ತದೆ. ಉಬುಂಟು ಟರ್ಮಿನಲ್ಲಿನಲ್ಲಿ 'timedatectl set-local-rtc 1' ಕೊಡಿ.

ತೀರ್ಥಹಳ್ಳಿ ಅಮ್ಮ: ಸರ್, ಮಗ ರಜೆಗೆ ಬಂದವನು ಉಬುಂಟು ಹಾಕಲು ಹೊರಟ. ಬಯಾಸಿನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗಿನ ಸೆಟಿಂಗ್) ಸೆಕ್ಯೂರ್ ಬೂಟ್ ಅನ್ನುವ ಕಾವಲು ತೆಗೆದನಂತೆ. ಈಗ ನೀಲಿ ಪರದೆ, 48 ಅಂಕಿಯ ಕೀ ಕೇಳುತ್ತಿದೆ. ಮೂರು ವರ್ಷದ ಅಡಿಕೆ ಲೆಕ್ಕ ಅದರಲ್ಲೇ ಇದೆ. ಮಗ ಬೆಂಗಳೂರಿಗೆ ಹೋಗಿಬಿಟ್ಟ.

ಬಿಡುವಿನ ಸದಸ್ಯ: ಅಮ್ಮಾ, ವಾಟ್ಸಾಪಿನಲ್ಲಿ ಬಂದಿದ್ದು: ಡಿಸ್ಕ್‌ಪಾರ್ಟ್ ತೆಗೆದು ಕ್ಲೀನ್ ಕೊಡಿ, ನೀಲಿ ಪರದೆ ಹೋಗುತ್ತದೆ.

ರಿಪೇರಿಯವರು: ಹೋಗುತ್ತದೆ. ಅಡಿಕೆ ಲೆಕ್ಕವೂ ಜೊತೆಗೇ ಹೋಗುತ್ತದೆ. ಕ್ಲೀನ್ ಅಂದರೆ ಇಡೀ ಡಿಸ್ಕ್ ಬರಿದು. ಆ ಮೆಸೇಜ್ ಅಳಿಸಿ ಮಾರಾಯ್ರೆ.
ಅಮ್ಮಾ, ಗಾಬರಿ ಬೇಡ. ಅದು ಬಿಟ್‌ಲಾಕರ್ ಬೀಗ, ಡೇಟಾ ಕಾಯಲು ವಿಂಡೋಸ್ ಹಾಕುವುದು. ಬಯಾಸ್ ಬದಲಾಯಿತು ಅಂತ ಅನುಮಾನಪಟ್ಟು ಕೀ ಕೇಳುತ್ತಿದೆ, ಡೇಟಾ ಎಲ್ಲೂ ಹೋಗಿಲ್ಲ. ಮಗನಿಗೆ ಫೋನ್ ಮಾಡಿ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿಸಿಕೊಳ್ಳಿ. ಎಷ್ಟೋ ಸಲ ಅಷ್ಟಕ್ಕೇ ತೆರೆದುಕೊಳ್ಳುತ್ತದೆ. ಇಲ್ಲವಾದರೆ ಮೊಬೈಲಿನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ರಿಕವರಿ ಕೀ ನೋಡಿ. ನೀಲಿ ಪರದೆಯ ಕೀ ಐಡಿಯ ಮೊದಲ 8 ಅಕ್ಷರ ಅಲ್ಲಿನದಕ್ಕೆ ಹೊಂದಬೇಕು. ಹೊಸದಾಗಿ ತಂದಾಗ ಯಾರ ಇಮೇಲ್ ಹಾಕಿದ್ದು? ಎಷ್ಟೋ ಜನ ಅಂಗಡಿ ಹುಡುಗನ ಇಮೇಲಿನಲ್ಲೇ ಶುರು ಮಾಡಿಸಿಕೊಂಡು ಬರುತ್ತಾರೆ, ಅದೇ ನನ್ನ ಭಯ. ರೀಸೆಟ್ ಮಾತ್ರ ಒತ್ತಬೇಡಿ.

ಭದ್ರಾವತಿ: ಎರಡೆರಡು ಯಾಕೆ? ವರ್ಚುವಲ್‌ಬಾಕ್ಸ್ (ವಿಂಡೋಸಿನ ಒಳಗೇ ಉಬುಂಟು ಓಡಿಸುವ ಸಾಫ್ಟ್‌ವೇರ್) ಸಾಕು.

ಸಾಗರದ ಹುಡುಗ: 4 ಜಿಬಿ ರ್‍ಯಾಮಿನಲ್ಲಿ? ನೀವೇ ಓಡಿಸಿ ತೋರಿಸಿ.

ಭದ್ರಾವತಿ: ಉಬುಂಟುವಿನಲ್ಲಿ ಕನ್ನಡ ಟೈಪ್ ಮಾಡಿ ನೋಡು, ಗೊತ್ತಾಗುತ್ತದೆ.

ಸಾಗರದ ಹುಡುಗ: ಕಗಪ ಕೀಲಿಮಣೆ ಅದರಲ್ಲೇ ಇದೆ. ಗೊತ್ತಿಲ್ಲದಿದ್ದರೆ ಸುಮ್ನಿರಿ.

ಕೊಪ್ಪ: ಮ್ಯಾಕ್‌ಬುಕ್ಕಿಗೂ ಹೀಗೇನಾ?

ಭದ್ರಾವತಿ: ದೊಡ್ಡವರ ಹತ್ತಿರ ಮಾತಾಡುವ ರೀತಿನಾ ಇದು?

ಸೊರಬ: ಸರ್, ಗಡಿಯಾರ ಐದೂವರೆ ಗಂಟೆ ಹಿಂದೆ ಇದೆ.

ರಿಪೇರಿಯವರು: ಮೇಲೆ ಓದಿ.

ಬಿಡುವಿನ ಸದಸ್ಯ: ಕ್ಲೀನ್ ಕೊಟ್ಟವರಿಗೆ ಸರಿಯಾಗಿದೆಯಂತೆ ಸರ್, ನೂರಾರು ಜನ ಕಳಿಸಿದ್ದಾರೆ.

ರಿಪೇರಿಯವರು: ಕಳಿಸಿದವರು ಯಾರೂ ಮಾಡಿ ನೋಡಿಲ್ಲ. ಇನ್ನೊಂದು ಸಲ ಹಾಕಿದರೆ ನಾನು ಗುಂಪೇ ಬಿಡುತ್ತೇನೆ. ಅಮ್ಮಾ, ಆ 8 ಅಕ್ಷರ ನೋಡಿದ್ರಾ?

ತೀರ್ಥಹಳ್ಳಿ ಅಮ್ಮ: ಕರೆಂಟ್ ಇಲ್ಲ ಸರ್, ಬ್ಯಾಟರಿ ನಿಲ್ಲುವುದಿಲ್ಲ. ಬಂದ ಕೂಡಲೇ ನೋಡುತ್ತೇನೆ.

ಶಿಕಾರಿಪುರ: ಅಣ್ಣಾ, ನನ್ನದೂ ಗಡಿಯಾರ…