ಮುಯ್ಯಿ ತೀರಿಸುವುದು ಯಾರಿಗೆ?

ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿಯ ದೊಡ್ಡಪ್ಪ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ದಾಟಿಸಿದರು: ‘ಅಮೆರಿಕದ ಶಾಲಾ ಹುಡುಗ ಮೂವರಿಗೆ ಉಪಕಾರ ಮಾಡಿದ. ಅವರು ತಲಾ ಮೂವರಿಗೆ ಮಾಡಿದರು. ಮೂರು, ಒಂಬತ್ತು, ಇಪ್ಪತ್ತೇಳು! ನಡೆದ ಕಥೆ. ಆಸ್ಕರ್ ಗೆದ್ದ ಚಿತ್ರ. ಹತ್ತು ಜನರಿಗೆ ಕಳುಹಿಸಿ.’

ದೊಡ್ಡಪ್ಪ: ಮಕ್ಕಳೆಲ್ಲ ಓದಬೇಕು. ಈಗ ಒಬ್ಬರ ಮನೆಯ ಕಷ್ಟ ಇನ್ನೊಬ್ಬರಿಗೆ ಬೇಕಾಗಿಲ್ಲ.

ಬೆಂಗಳೂರಿನ ಚಿಕ್ಕಪ್ಪ: ಅಣ್ಣ, ನಡೆದ ಕಥೆ ಎಂದವರು ಯಾರು? ಕ್ಯಾಥರಿನ್ ರಯಾನ್ ಹೈಡ್ ಅವರ ಕಾದಂಬರಿ ಅದು. 2000ದಲ್ಲಿ ಮಿಮಿ ಲೆಡರ್ ‘ಪೇ ಇಟ್ ಫಾರ್ವರ್ಡ್’ ಎಂದು ಸಿನಿಮಾ ಮಾಡಿದರು. ಅದರಲ್ಲಿ ನಟಿಸಿದ ಕೆವಿನ್ ಸ್ಪೇಸಿ, ಹೆಲೆನ್ ಹಂಟ್ ಆಸ್ಕರ್ ಪಡೆದದ್ದು ಬೇರೆ ಚಿತ್ರಗಳಿಗೆ. ಇದಕ್ಕೆ ನಾಮನಿರ್ದೇಶನವೂ ಸಿಗಲಿಲ್ಲ.

ದೊಡ್ಡಪ್ಪ: ಒಳ್ಳೆಯ ಮಾತಿಗೂ ಸಾಕ್ಷಿ ಕೇಳುವ ಕಾಲ ಬಂತು.

ಚಿಕ್ಕಪ್ಪ: ವಿಮರ್ಶಕರೂ ಮೆಚ್ಚಲಿಲ್ಲ. ರೋಜರ್ ಎಬರ್ಟ್ ನಾಲ್ಕಕ್ಕೆ ಎರಡೂವರೆ ನಕ್ಷತ್ರ ಕೊಟ್ಟರು. ಕೊನೆಯಲ್ಲಿ ಆ ಹುಡುಗ ಚಾಕು ಇರಿತಕ್ಕೆ ಸಾಯುತ್ತಾನೆ, ಮನೆಯ ಮುಂದೆ ಜನ ಮೇಣದಬತ್ತಿ ಹಿಡಿದು ನಿಲ್ಲುತ್ತಾರೆ. ಬಲವಂತವಾಗಿ ಕಣ್ಣೀರು ಹಾಕಿಸುತ್ತದೆ ಎಂಬುದೇ ದೂರು.

ಸಾಗರದ ಅತ್ತೆ: ಕಣ್ಣೀರು ಬಂದರೆ ತಪ್ಪೇನು? ನಾವು ಟಾಕೀಸಿನಿಂದ ಸೆರಗು ಒದ್ದೆ ಮಾಡಿಕೊಂಡೇ ಬರುತ್ತಿದ್ದೆವು. ಅಪ್ಪನ ಕಾಲದಲ್ಲಿ ಅಡಿಕೆ ಸುಲಿಯುವಾಗ ಲಾಟೀನಿನ ಸುತ್ತ ಹದಿನೈದು ಮೆಟ್ಟುಗತ್ತಿ! ಇಂದು ನಮ್ಮ ಮನೆ, ನಾಳೆ ಪಕ್ಕದ ಮನೆ. ನಡುರಾತ್ರಿಗೆ ಅವಲಕ್ಕಿ, ಬೆಲ್ಲದ ಕಾಫಿ.

ದೊಡ್ಡಪ್ಪ: ಕೆಲಸಕ್ಕೆ ಕೆಲಸ ತೀರಿಸುವ ಆ ಮುಯ್ಯಾಳು ಪದ್ಧತಿ ನಿಂತುಹೋದದ್ದು ಯಾರಿಂದ? ಹೋದ ವರ್ಷ ನಿನ್ನ ಮನೆಗೆ ಮೂರು ರಾತ್ರಿ ಬಂದೆ. ನಮ್ಮ ಸರದಿಗೆ ನಿಮ್ಮಲ್ಲಿಂದ ಒಬ್ಬರೂ ಬರಲಿಲ್ಲ.

ಅತ್ತೆ: ಇವರಿಗೆ ಜ್ವರ ಎಂದು ಅಂದೇ ಫೋನ್ ಮಾಡಿದ್ದೆ. ವರ್ಷವಿಡೀ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೀಯಾ ಅಣ್ಣ?

ಚಿಕ್ಕಪ್ಪ: ಸಿನಿಮಾದ ಮಾತು ಎಲ್ಲಿಗೆ ಬಂತು!

ಅತ್ತೆ: ಅಪ್ಪನ ತಿಥಿಗೆ ಎಲೆ ಹಾಕುವ ಹೊತ್ತಿಗೆ ಬಂದವನು ನೀನು. ಸುಮ್ಮನಿರು.

ಇಷ್ಟು ಓದಿ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ಮೂವರೂ ನನ್ನನ್ನು ಎತ್ತಿ ಆಡಿಸಿದವರು.

ನಾನು: ಚಿಕ್ಕಪ್ಪ ಹೇಳಿದ್ದು ನಿಜ. ಆ ಸಾವು ನನಗೂ ಹಿಡಿಸಲಿಲ್ಲ. ಹುಡುಗ ಬದುಕಿದ್ದರೂ ಕಥೆಗೆ ಕುಂದಾಗುತ್ತಿರಲಿಲ್ಲ. ಆದರೆ ಕಾದಂಬರಿಯ ಬೇರಿನಲ್ಲಿ ನಡೆದ ಸಂಗತಿಯೊಂದಿದೆ. ಲೇಖಕಿಯ ಕಾರಿಗೆ ಬೆಂಕಿ ಹತ್ತಿದಾಗ ಗುರುತಿಲ್ಲದ ಇಬ್ಬರು ಓಡಿಬಂದು ಆರಿಸಿದರು. ಉಪಕಾರ ಸ್ಮರಿಸಲು ತಿರುಗುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಆ ಮುಯ್ಯಿಯನ್ನು ತೀರಿಸುವುದು ಯಾರಿಗೆ? ಮುಂದೆ ಸಿಕ್ಕವರಿಗೆ. ಚಿತ್ರದ ಹುಡುಗ ಕೇಳುವುದೂ ಅಷ್ಟನ್ನೇ. ಆಗುಂಬೆ ಘಾಟಿಯ ಮಳೆಯಲ್ಲಿ ನಮ್ಮ ಬೈಕ್ ಕೆಟ್ಟಿದ್ದ ದಿನ ನೆನಪಿದೆಯೇ? ದಾರಿಯಲ್ಲಿದ್ದ ಒಬ್ಬರು ತಾವು ಹೊದ್ದಿದ್ದ ಕಂಬಳಿಕೊಪ್ಪೆಯನ್ನು ಅಮ್ಮನ ತಲೆಗೆ ಹಾಕಿ, ತಾವು ನೆನೆಯುತ್ತ ಮೇಲಿನವರೆಗೂ ಬೈಕ್ ತಳ್ಳಿದರು. ಹೆಸರು ಹೇಳಲಿಲ್ಲ, ಕಾಫಿಗೂ ನಿಲ್ಲಲಿಲ್ಲ. ಒದ್ದೆ ಉಣ್ಣೆಯ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅವರಿಗೆ ಯಾವ ಮುಯ್ಯಾಳು ಕಳುಹಿಸಲಿ?

ಮಧ್ಯಾಹ್ನದವರೆಗೆ ಯಾರೂ ಬರೆಯಲಿಲ್ಲ.

ಅತ್ತೆ: ಅಣ್ಣ, ನಿಮ್ಮಲ್ಲಿ ಅಡಿಕೆ ಕೊನೆ ಇಳಿಸುವುದು ಯಾವಾಗ?

ದೊಡ್ಡಪ್ಪ: ನಾಳೆ. ಸಂಜೆಯಿಂದ ಸುಲಿಯುವುದು. ಮೆಟ್ಟುಗತ್ತಿ ಇಲ್ಲೇ ಇದೆ, ಹೊತ್ತು ತರಬೇಡ.

ಚಿಕ್ಕಪ್ಪ: ಆಸ್ಕರ್ ಎಂದಿರುವ ಆ ಸಂದೇಶವನ್ನು ಈಗಲಾದರೂ ಅಳಿಸಿ ಅಣ್ಣ.

ದೊಡ್ಡಪ್ಪ: ರಾತ್ರಿ ಬಸ್ ಹಿಡಿದು ಬಾ. ನನ್ನ ಮೊಬೈಲ್ ಕೊಡುತ್ತೇನೆ, ನೀನೇ ಅಳಿಸು.